ಮಾನ ಹರಾಜಿಗೆ ಮಾಲೀಕರೇ ಮುಂದೆ

ದೊಡ್ಡವರ ಮಾನವನ್ನು ಶತ್ರುಗಳು ಕಳೆಯುತ್ತಾರೆ ಅನ್ನುವುದು ಬರೀ ಗಾಳಿಸುದ್ದಿ. ಅಂಥ ಮುಖ್ಯ ಕೆಲಸವನ್ನು ಅವರು ಇನ್ನೊಬ್ಬರ ಕೈಗೆ ಕೊಡುವುದೇ ಇಲ್ಲ. ಸಂಬಳ ಕೊಟ್ಟು ಸಲಹೆಗಾರರನ್ನು ಇಟ್ಟುಕೊಂಡು, ತಾವೇ ಶ್ರದ್ಧೆಯಿಂದ ಮಾಡಿ ಮುಗಿಸುತ್ತಾರೆ.

ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ ಕಥೆ ಗೊತ್ತಲ್ವಾ? ಕ್ಯಾಲಿಫೋರ್ನಿಯಾದ ಕಡಲತೀರ ಸವೆಯುತ್ತಿರುವುದನ್ನು ದಾಖಲಿಸಲು ಒಬ್ಬರು ಸಾವಿರಾರು ಫೋಟೊ ತೆಗೆದಿದ್ದರು. ಒಂದರಲ್ಲಿ ಈಕೆಯ ಬಂಗಲೆಯೂ ಬಿದ್ದಿತ್ತು. 2003ರಲ್ಲಿ 5 ಕೋಟಿ ಡಾಲರ್ ಕೇಳಿ ಕೇಸು ಹಾಕಿದರು. ಅಲ್ಲಿಯವರೆಗೆ ಆ ಫೋಟೊ ಡೌನ್‌ಲೋಡ್ ಆಗಿದ್ದು 6 ಸಲ, ಅದರಲ್ಲೂ 2 ಸಲ ಅವರದೇ ವಕೀಲರು! ಸುದ್ದಿ ಹಬ್ಬಿದ ಮೇಲೆ ಒಂದೇ ತಿಂಗಳಲ್ಲಿ 4 ಲಕ್ಷಕ್ಕೂ ಜಾಸ್ತಿ ಜನ ಬಂದು ಇಣುಕಿ ಹೋದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇಲ್ಲಿ ಕಳ್ಳ ಅಂತ ಯಾರೂ ಕೂಗಿರಲಿಲ್ಲ, ಈಕೆ ಏನೂ ಕದ್ದಿರಲೂ ಇಲ್ಲ, ಸುಮ್ನೆ ಕೋರ್ಟಿನವರೆಗೆ ಹೋಗಿ ಹೆಗಲು ಮುಟ್ಟಿಕೊಂಡರು. ಕೇಸೂ ಸೋತರು. ಮುಚ್ಚಿಡಲು ಹೋಗಿ ಊರಿಗೆಲ್ಲ ಸಾರುವ ಈ ಕಾಯಿಲೆಗೆ 2005ರಿಂದ ಅವರದೇ ಹೆಸರು.

ಬ್ರಿಟನ್ನಿನ ಆಭರಣ ವ್ಯಾಪಾರಿ ಜೆರಾಲ್ಡ್ ರ‍್ಯಾಟ್ನರ್‌ಗೆ ವಕೀಲರೂ ಬೇಕಾಗಲಿಲ್ಲ. 1991ರಲ್ಲಿ ತುಂಬಿದ ಸಭೆಯಲ್ಲಿ, ತನ್ನ ಅಂಗಡಿಯ ಒಂದು ಮಾಲು ಅಷ್ಟು ಅಗ್ಗ ಯಾಕೆಂದರೆ ಅದು ಶುದ್ಧ ಕಸ ಅಂದುಬಿಟ್ಟರು. ಸಭೆ ನಕ್ಕಿತು. ಕಂಪನಿಯ ಬೆಲೆ ಸುಮಾರು 50 ಕೋಟಿ ಪೌಂಡ್ ಕರಗಿತು, ಆಮೇಲೆ ಹೆಸರನ್ನೇ ಬದಲಿಸಬೇಕಾಯಿತು. ಪಾಪ, ವರ್ಷಗಟ್ಟಲೆ ವ್ಯಾಪಾರದಲ್ಲಿ ಆತ ಹೇಳಿದ ಅತಿ ದುಬಾರಿ ನಿಜ ಅದೇ ಇರಬೇಕು.

ಇನ್ನು 2010ರಲ್ಲಿ ಬಿಪಿ ತೈಲ ಕಂಪನಿಯ ಮುಖ್ಯಸ್ಥ ಟೋನಿ ಹೇವರ್ಡ್. ಕಂಪನಿಯ ಸಮುದ್ರದ ತೈಲಬಾವಿಯಲ್ಲಿ ಆದ ಸ್ಫೋಟದಲ್ಲಿ 11 ಜನ ಸತ್ತಿದ್ದರು, ಸಮುದ್ರಕ್ಕೆ ಎಣ್ಣೆ ಸುರಿಯುತ್ತಲೇ ಇತ್ತು. ಆತ ಕೇಳಿದ್ದು, ನನ್ನ ಬದುಕು ನನಗೆ ವಾಪಸ್ ಬೇಕು ಅಂತ! ಕೆಲವೇ ತಿಂಗಳಲ್ಲಿ ಕಂಪನಿ ಕೊಟ್ಟುಬಿಟ್ಟಿತು, ಕುರ್ಚಿ ಮಾತ್ರ ಇಟ್ಟುಕೊಂಡಿತು.

ಇಷ್ಟಾದ ಮೇಲೆ ಬರುವುದು ಕ್ಷಮೆಯ ಹೇಳಿಕೆ. "ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ." ಆ 'ರೆ' ಇದೆಯಲ್ಲ, ನನ್ನ ಪ್ರಕಾರ ಸಲಹೆಗಾರರ ಇಡೀ ಸಂಬಳ ಆ ಒಂದು ಅಕ್ಷರಕ್ಕೇ. ನೋವಾಗಿದ್ದು ಇಡೀ ಲೋಕಕ್ಕೆ ಕಂಡಿದೆ, ಇವರಿಗೆ ಮಾತ್ರ ಇನ್ನೂ ಅನುಮಾನ. ಜನ ಅದಕ್ಕೂ ಉಗಿಯುತ್ತಾರೆ. ಮಾರನೇ ದಿನ ಇನ್ನೊಂದು ಸ್ಪಷ್ಟನೆ ಹೊರಡುತ್ತದೆ: ನಿನ್ನೆ ಕೊಟ್ಟ ಸ್ಪಷ್ಟನೆಯನ್ನು ತಿರುಚಲಾಗಿದೆ.