ಹಾಸಿಗೆ ನೋಡಿ ಕಾಲು ಚಾಚಬೇಕಿತ್ತು

ದೇಶದ ರಕ್ಷಣೆ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ 'ಬೆದರಿಕೆ ಜಾಸ್ತಿಯಾದಷ್ಟೂ ಸೇನೆ ಬೆಳೆಸಬೇಕು' ಅನ್ನುವ ನಿಮ್ಮ ಮಾತು ಅರ್ಧ ಮಾತ್ರ ಸರಿ. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1943ರಲ್ಲೇ ಉಳಿದರ್ಧ ಹೇಳಿದ್ದರು: ದೇಶ ಹೊತ್ತುಕೊಂಡ ಹೊಣೆಗೂ ಅದರ ಬಲಕ್ಕೂ ತಾಳೆಯಾಗಬೇಕು, ಕೈಯಲ್ಲಿ ಸ್ವಲ್ಪ ಬಲ ಮಿಗಬೇಕು. ತಾಳೆಯಾಗದಿದ್ದರೆ ಸೇನೆ ಬೆಳೆಸಬಹುದು, ಸ್ನೇಹಿತರನ್ನು ಹುಡುಕಬಹುದು, ಇಲ್ಲವೇ ಹೊಣೆಯನ್ನೇ ಇಳಿಸಿಕೊಳ್ಳಬಹುದು. ಈ ಕೊನೆಯದನ್ನು ಯಾರೂ ಇಷ್ಟಪಡುವುದಿಲ್ಲ ಬಿಡಿ.

ಚೀನಾ ಜೊತೆಗಿನ ನಮ್ಮ 1962ರ ಯುದ್ಧ ನೋಡಿ. 1961ರ ನವೆಂಬರ್‌ನಲ್ಲಿ 'ಮುನ್ನಡೆ ನೀತಿ' ಬಂತು, ಅಂದರೆ ವಿವಾದದ ಗಡಿಯಲ್ಲಿ ಮುಂದೆ ಹೋಗಿ ಠಾಣೆ ಹಾಕುವುದು. ಗಡಿಯಲ್ಲಿ ಪುಟ್ಟ ಪುಟ್ಟ ಠಾಣೆಗಳು ಎದ್ದವು. ಚೀನಾ ತಿರುಗಿ ಬೀಳುವುದಿಲ್ಲ ಎಂದು ದಿಲ್ಲಿ ಸುಮ್ನೆ ಅಂದುಕೊಂಡಿತ್ತು. ಈಗಿನ ಅರುಣಾಚಲದ ಗಡಿಯಲ್ಲಿರುವ ನಾಮ್ಕಾ ಚು ಹೊಳೆಯ ದಂಡೆಯಲ್ಲಿ ನಮ್ಮವರು ತಗ್ಗಿನಲ್ಲಿ, ಚೀನಾದವರು ಮೇಲೆ ಥಾಗ್ಲಾ ದಿಣ್ಣೆಯಲ್ಲಿ. ಆ ಚಳಿಯಲ್ಲಿ ಎಷ್ಟೋ ಜನರ ಮೈಮೇಲೆ ಹತ್ತಿ ಬಟ್ಟೆ, ಕೈಯಲ್ಲಿ ಹಳೇ .303 ರೈಫಲ್. ವಿಮಾನದಿಂದ ಉದುರಿಸಿದ ಸಾಮಾನು ಎಷ್ಟೋ ಸಲ ಕಣಿವೆ ಪಾಲು. ಅಕ್ಟೋಬರ್ 20ರ ಬೆಳಗ್ಗೆ ದಾಳಿ ಶುರುವಾಯಿತು.

ಸೇನಾ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ತಿಮ್ಮಯ್ಯ 1962ರ ಜುಲೈನಲ್ಲೇ, ನಿವೃತ್ತರಾದ ಮೇಲೆ, ಬರೆದೇ ಇದ್ದರು: ಚೀನಾ ಜೊತೆ ಭಾರತವೊಂದೇ ನೇರ ಯುದ್ಧಕ್ಕಿಳಿಯುವುದನ್ನು ಸೈನಿಕನಾಗಿ ಊಹಿಸಲಾರೆ, ದೇಶದ ಭದ್ರತೆಯನ್ನು ರಾಜಕಾರಣಿಗಳೂ ರಾಜತಾಂತ್ರಿಕರೂ ನೋಡಿಕೊಳ್ಳಬೇಕು ಅಂತ. ಇದು ಹೇಡಿತನ ಅಲ್ಲ, ಲೆಕ್ಕ. ಅಲ್ವಾ?

ಸೋತ ಮೇಲೆ ಬೆಟ್ಟದಲ್ಲಿ ಕಾದಾಡಲೆಂದೇ ಪರ್ವತ ಡಿವಿಜನ್‌ ಎಂಬ ಸೇನಾ ತುಕಡಿಗಳನ್ನು ಕಟ್ಟಿದರು. 1967ರಲ್ಲಿ ಸಿಕ್ಕಿಂ ಗಡಿಯ ನಾಥು ಲಾ ಕಣಿವೆದಾರಿಯಲ್ಲಿ ಅದೇ ಚೀನಾ ಎದುರು ನಮ್ಮವರು ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ. ಅಲ್ಲಿ ಎತ್ತರದ ಜಾಗ ನಮ್ಮದಾಗಿತ್ತು, ಫಿರಂಗಿಯೂ ಇತ್ತು.