ಹೊಳಪು ನೋಡಿ ಪಿಯಾನೊ ಕೊಳ್ಳಬೇಡಿ
ಹೊರಗಿನ ಪಾಲಿಶ್ ಚೆನ್ನಾಗಿದ್ದರೆ ಹಳೆ ಪಿಯಾನೊ ಧೈರ್ಯವಾಗಿ ಕೊಳ್ಳಬಹುದು ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಹೊಳಪು ನೋಡಿಯೇ ಮೋಸ ಹೋದವನು ನಾನು. ಒಳಗೆ ಸುಮಾರು 230 ತಂತಿಗಳಿರುತ್ತವೆ, ಎಲ್ಲ ಸೇರಿ ಟನ್‌ಗಟ್ಟಲೆ ಎಳೆತ. ಒಂದೊಂದು ತಂತಿಯನ್ನೂ ಬಿಗಿಯಾಗಿ ಹಿಡಿಯುವುದು ಮರದ ಹಲಗೆಗೆ ಬಡಿದ ಪುಟ್ಟ ಪಿನ್. ಹಲಗೆ ಬಿರುಕು ಬಿಟ್ಟಿದ್ದರೆ ಪಿನ್ ಸಡಿಲವಾಗಿ, ಇವತ್ತು ಮಾಡಿಸಿದ ಶ್ರುತಿ ಮುಂದಿನ ವಾರ ನಿಲ್ಲುವುದಿಲ್ಲ. ನನ್ನದರಲ್ಲಿ ಶ್ರುತಿ ಮಾಡಲು ಬಂದ ಟ್ಯೂನರ್ ತಮ್ಮ ಕೀಲಿ ಹಾಕಿದ್ದೇ ತಡ, ಪಿನ್ ಬೆಣ್ಣೆಗೆ ಚುಚ್ಚಿದ ಕಡ್ಡಿಯ ಹಾಗೆ ಸಲೀಸಾಗಿ ತಿರುಗಿತು! ದುಡ್ಡು ಕೊಡುವ ಮುಂಚೆಯೇ ಒಬ್ಬ ಟ್ಯೂನರನ್ನು ಕರೆದುಕೊಂಡು ಹೋಗಿ. 88 ಕೀಗಳನ್ನೂ ಒಂದೊಂದಾಗಿ ಒತ್ತಿ ಕೇಳಿ. ಇನ್ನು, ಮಕ್ಕಳು ಈಗಷ್ಟೇ ಕಲಿಯುತ್ತಿದ್ದರೆ ಒತ್ತಿದಾಗ ನಿಜವಾದ ಪಿಯಾನೊದಷ್ಟೇ ಭಾರ ಅನಿಸುವ ಕೀಗಳಿರುವ ಡಿಜಿಟಲ್ ಪಿಯಾನೊ ಸಾಕು, ಅಲ್ವಾ? ಶ್ರುತಿಯ ತಲೆನೋವೂ ಇಲ್ಲ, ರಾತ್ರಿ ಹೆಡ್‌ಫೋನ್ ಹಾಕಿಕೊಂಡೂ ನುಡಿಸಬಹುದು.