ಕೆಜಿಗೆ ಐನೂರ ಮೂರಾ?

503. ಸರ್ವರ್ 'ಈಗ ಆಗಲ್ಲ' ಅನ್ನುವ ಎರರ್ ನಂಬರ್. ಪರದೆ ಮೇಲೆ ಬಂದಿದ್ದು ಇಷ್ಟೇ. ಇದಕ್ಕೆ ಅಷ್ಟು ಜನರೆದುರು ಮಾನ ಹರಾಜು ಹಾಕಬೇಕಿತ್ತಾ?

ಅಡಿಕೆ ಮಂಡಿಯ ವೆಬ್‌ಸೈಟ್ ನೋಡಿಕೊಳ್ಳುವವನು ನಾನು. ನಾಲ್ಕು ದಿನದಿಂದ ಯಾವುದೋ ಬಾಟ್, ಅಂದರೆ ತಾನಾಗಿ ಪುಟ ತೆರೆಯುತ್ತಲೇ ಇರುವ ಪ್ರೋಗ್ರಾಂ, ಅದರ ರೇಟ್ ಪುಟವನ್ನು ಬಿಡದೆ ತಿನ್ನುತ್ತಿತ್ತು. ನಮ್ಮದು 100 ಎಂಬಿಪಿಎಸ್ ಲೈನು. ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಎಂಬಿ. ಯಜಮಾನರ ಅಡಿಕೆ ಮೂಟೆ ಫೋಟೋ ಒಂದೊಂದೂ 6 ಎಂಬಿ! ಎರಡು ಫೋಟೋ ಹೊರಟರೆ ಪೈಪು ಭರ್ತಿ. ಚಿಕ್ಕದು ಮಾಡೋಣ ಸಾರ್ ಅಂದರೆ, "ಬಣ್ಣ ಕಾಣಬೇಕಲ್ಲ" ಅನ್ನುತ್ತಾರೆ. ಸರಿ, ನಿನ್ನೆ ರಾತ್ರಿ ಪುಟ ಕಳಿಸುವ ಸರ್ವರ್ ಸಾಫ್ಟ್‌ವೇರ್ ಎಂಜಿನ್‌ಎಕ್ಸ್‌ನಲ್ಲಿ ಒಂದು ಐಪಿಗೆ (ಇಂಟರ್ನೆಟ್ ವಿಳಾಸಕ್ಕೆ) ಸೆಕೆಂಡಿಗೆ 5 ರಿಕ್ವೆಸ್ಟ್ ಅಂತ ಮಿತಿ ಹಾಕಿದೆ. ಬಾಟ್ ತೆಪ್ಪಗಾಯಿತು. ನಾನೂ ಮಲಗಿದೆ.

ಬೆಳಿಗ್ಗೆ ಶಿವಮೊಗ್ಗದ ಮಂಡಿಯಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆಯ ಬೆಳೆಗಾರರು ಕೂತಿದ್ದರು. ಯಜಮಾನರು ಜಂಬದಿಂದ ಫೋನ್ ತೆಗೆದರು. ಬಿಳಿ ಪುಟ. 503. ಫೋನನ್ನು ನನ್ನ ಮುಖಕ್ಕೆ ಹಿಡಿದರು. "ಏನಪ್ಪಾ ಇದು, ರಾಶಿ ಅಡಿಕೆ ರೇಟಾ?"

ಒಬ್ಬ ಅಜ್ಜ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಕೆಜಿಗೆ ಐನೂರ ಮೂರಾ? ಅಡ್ಡಿಯಿಲ್ಲ, ಕೊಟ್ಟುಬಿಡೋಣ."

ಎಲ್ಲರೂ ನಕ್ಕರು. ಟೀ ತಂದ ಹುಡುಗನೂ ನಕ್ಕ. ಅವನಿಗೇನು ಗೊತ್ತು? ಯಜಮಾನರು ನಗಲಿಲ್ಲ. "ಕಾಯೋಕೆ ಇಟ್ಟ ನಾಯಿ ಮನೆಯವರನ್ನೇ ಕಚ್ಚಿತಲ್ಲೋ" ಅಂದರು. ಮತ್ತೆ ನಗು. ಈ ಸಲ ನಾನೂ ನಕ್ಕೆ. ಉರಿಯುತ್ತಿರುವುದು ಅದೇ. ನಾನ್ಯಾಕೆ ನಕ್ಕೆ?

ಮಿತಿ ದಾಟಿದರೆ ಎಂಜಿನ್‌ಎಕ್ಸ್ ತಾನಾಗಿ ಕೊಡುವುದೇ 503. ಅದನ್ನು 429, ಅಂದರೆ 'ಅತಿಯಾಗಿ ಕೇಳಿದಿರಿ' ಅನ್ನುವ ನಂಬರ್, ಮಾಡಬಹುದಿತ್ತು. ಆಗ ರೇಟು ಬಿತ್ತು ಅಂತ ಅಜ್ಜ ಎದ್ದು ಹೋಗುತ್ತಿದ್ದರೇನೋ.

ನನ್ನ ತಪ್ಪೇನಿಲ್ಲ. ಅಲ್ಲ, ಇದೆ. ಮೊಬೈಲ್ ಕಂಪನಿಗಳು ನೂರಾರು ಜನರನ್ನು ಒಂದೇ ಐಪಿ ಹಿಂದೆ ಕೂರಿಸುತ್ತವೆ. ಊರಿಗೆ ಊರೇ ಒಟ್ಟಿಗೆ ರೇಟು ನೋಡಿದರೆ ಸರ್ವರಿಗೆ ಒಬ್ಬನೇ ಬಂದು ಬಾಗಿಲು ಬಡಿದ ಹಾಗೆ. ಇದು ನನಗೆ ಗೊತ್ತಿತ್ತು. ಬರ್ಸ್ಟ್, ಅಂದರೆ ಒಮ್ಮೆಲೇ ನುಗ್ಗಿದರೆ ಸ್ವಲ್ಪ ಹೆಚ್ಚು ಬಿಡುವ ವಿನಾಯಿತಿ, ಅದನ್ನೂ ಇಡಲಿಲ್ಲ. ಒಂದು ಪುಟ ಬಿಚ್ಚಿದರೇ 5 ರಿಕ್ವೆಸ್ಟ್ ದಾಟುತ್ತದೆ, ಬೃಹಸ್ಪತಿ ನಾನು! ಆದರೆ ರಾತ್ರಿ 3 ಗಂಟೆಗೆ ಎದ್ದು ಲಾಗ್ ನೋಡಿದವನು ಯಾರು? ಅದನ್ನು ಯಾರೂ ಕೇಳುವುದಿಲ್ಲ.

ಯಾರಾದರೂ ಹೇಳಿ ಮಾರಾಯ್ರೇ, ಬರೀ ಐಪಿ ನೋಡಿ ಬಾಟ್ ಯಾವುದು, ತೀರ್ಥಹಳ್ಳಿ ಯಾವುದು ಅಂತ ಹೇಗೆ ಕಂಡುಹಿಡಿಯೋದು? ಯಾರಾದರೂ!

ಹೋಗಲಿ, ಮಿತಿ ತೆಗೆದಿದ್ದೇನೆ. ಬಾಟ್ ಆಗಲೇ ವಾಪಸ್ ಬಂದಿದೆ. ಅದಕ್ಕೂ ಎಲ್ಲೋ ಅಡಿಕೆ ಒಣಗಿಸೋದಿದೆ ಅನಿಸುತ್ತದೆ.

ಈಗ ಯಜಮಾನರ ಮೆಸೇಜು. ಬೆಟ್ಟೆ ಅಡಿಕೆ ಫೋಟೋ, 9 ಎಂಬಿ. "ಈಗಲೇ ಹಾಕು."

ಹಾಕುತ್ತಿದ್ದೇನೆ.